ಗುಂಡವ್ವ ಗುರುತು ಹಿಡಿದ ಬಳ್ಳಿಗಳು

1997ರ ಮೇ ತಿಂಗಳ ಒಂದು ಮಧ್ಯಾಹ್ನ ಬೀಸಿದ ಗಾಳಿಗೆ, ನಾಶಿಕದ ಹೊರಗೆ ಮಧುಕರರಾಯರ ದ್ರಾಕ್ಷಿ ತೋಟದಲ್ಲಿ ಸಸಿಮನೆಯ ನೆರಳುಪರದೆ ಹಾರಿಹೋಯಿತು. ಹಿಂದೆಯೇ ಆಲಿಕಲ್ಲು. ಕೆಲಸದವರೆಲ್ಲ ಕೈಗೆ ಸಿಕ್ಕ ಸಸಿಚೀಲಗಳನ್ನು ಎದೆಗವಚಿಕೊಂಡು ಓಡೋಡಿ ಗೋದಾಮಿನೊಳಗೆ ಇಟ್ಟರು. ಮೂರು ಸಾವಿರ ಸಸಿಗಳು ಉಳಿದವು. ಯಾವುದು ಯಾವ ತಳಿ ಎಂಬ ಗುರುತು ಮಾತ್ರ ಉಳಿಯಲಿಲ್ಲ. ಹೆಸರಿನ ಹಲಗೆಗಳು ಸಾಲಿನ ತುದಿಗಿದ್ದವೇ ಹೊರತು ಚೀಲಗಳ ಮೇಲಲ್ಲ.

ಮರುದಿನ ಬೆಳಿಗ್ಗೆ ಮೃದುಲಾ ಗೋದಾಮಿನ ಬಾಗಿಲಲ್ಲಿ ಕುಕ್ಕರಿಸಿ ಕೂತಳು. ಧಾರವಾಡದಲ್ಲಿ ಕೃಷಿ ಓದಿ, ಬ್ಯಾಂಕಿನಲ್ಲಿದ್ದ ಗಂಡನಿಗೆ ವರ್ಗವಾದಾಗ ನಾಶಿಕಕ್ಕೆ ಬಂದವಳು. ಸಸಿಮನೆಯ ಹೊಣೆ ಅವಳದು. ರಾಯರು ಇಪ್ಪತ್ತು ವರ್ಷ ತಿನ್ನುವ ದ್ರಾಕ್ಷಿ ಬೆಳೆದು, ಈಗ ವೈನಿನ ಹುಚ್ಚು ಹಿಡಿಸಿಕೊಂಡು ನಾಲ್ಕು ತಳಿಗಳನ್ನು ತರಿಸಿದ್ದರು: ಕ್ಯಾಬರ್ನೆ, ಶಿರಾಜ್, ಶಾರ್ಡನೆ, ಸೊವಿನ್ಯೋನ್ ಬ್ಲಾಂಕ್. ಮೊದಲೆರಡು ಕೆಂಪು ವೈನಿಗೆ, ಉಳಿದೆರಡು ಬಿಳಿಯದಕ್ಕೆ. ಫ್ರಾನ್ಸಿನಲ್ಲಿ ನೂರಾರು ವರ್ಷಗಳಿಂದ ಹೆಸರಾದ ವೈನುಗಳೆಲ್ಲ ಇಂಥ ಬಳ್ಳಿಗಳವೇ. ಒಂದೊಂದೂ ಹಣ್ಣಾಗುವ ಹೊತ್ತು ಬೇರೆ. ಕಲಬೆರಕೆಯಾಗಿ ನೆಟ್ಟರೆ ತಿಳಿಯುವುದು ಎರಡು ವರ್ಷದ ಮೇಲೆ, ಗೊಂಚಲು ಬಿಟ್ಟಾಗಲೇ.

"ಯಾಕ್ರಿ ಬಾಯಾರ, ಮಾರಿ ಸಣ್ಣದ ಮಾಡ್ಕೊಂಡ್ ಕುಂತೀರಿ?" ಎಂದು ಕೇಳಿದಳು ನೀರು ಹಾಕಲು ಬಂದ ಗುಂಡವ್ವ. ವಿಜಾಪುರದ ಇಂಡಿ ಕಡೆಯವಳು. ಗಂಡ ಚಂದ್ರಾಮಪ್ಪ ಅದೇ ತೋಟದಲ್ಲಿ ವೈನ್ ಮನೆಗೆ ಕಲ್ಲು ಕಟ್ಟುತ್ತಿದ್ದ.

"ಎಲ್ಲಾ ಕಲಸಿ ಹೋಗ್ಯಾವ ಗುಂಡವ್ವ. ಪುಸ್ತಕ ನೋಡಿದ್ರೂ ಎಲ್ಲಾ ಒಂದ ಥರಾ ಕಾಣ್ತಾವ."

ಗುಂಡವ್ವ ಕೊಡ ಕೆಳಗಿಟ್ಟು ನಕ್ಕಳು. "ನಾಕ್ ತಿಂಗಳ ನೀರ್ ಹಾಕೀನ್ರಿ. ಮಕ್ಕಳ ಮಾರಿ ಮರೀತೀವೇನು? ಇಕಿ ನೋಡ್ರಿ, ಐದ್ ಕಣ್ಣಿನಾಕಿ."

ಅವಳು ಎಲೆಯೊಂದನ್ನು ಬೆಳಕಿಗೆ ಹಿಡಿದಳು. ಸೀಳುಗಳ ಅಂಚು ಒಂದರ ಮೇಲೊಂದು ಬಂದು ನಡುವೆ ಐದು ದುಂಡು ತೂತು ಉಳಿದಿದ್ದವು. ಮೃದುಲಾ ಪುಟ ತಿರುವಿದಳು. ಪುಸ್ತಕದಲ್ಲಿ ಕ್ಯಾಬರ್ನೆಗೆ ಬರೆದದ್ದು ಅದೇ.

"ಇಕಿ ಬರಿಗಾಲಾಕಿ. ದೇಟು ಕೂಡೋ ಜಾಗದಾಗ ನರ ಬತ್ತಲೆ ಐತಿ." ಅದು ಶಾರ್ಡನೆ. "ಇಕಿ ಗುಂಗುರಕೂದಲಾಕಿ, ಸಣ್ಣ ಎಲಿ, ಸುಕ್ಕ ಸುಕ್ಕ." ಸೊವಿನ್ಯೋನ್ ಬ್ಲಾಂಕ್. "ಮತ್ತ ಇಕಿ ಚಿಗುರಿನ ಮ್ಯಾಲ ಅಳ್ಳಿ ಹೊದ್ದಾಕಿ." ಶಿರಾಜಿನ ಚಿಗುರಿಗೆ ನಿಜಕ್ಕೂ ಬಿಳಿ ಅರಳೆ ಮೆತ್ತಿದಂತಿತ್ತು.

ಸುದ್ದಿ ಕೇಳಿ, ಕೆಲಸದವರಿಂದ ಕನ್ನಡ ಕಲಿತಿದ್ದ ರಾಯರು ಬಂದರು. "ಏ ಬಾಯಿ, ಇದು ಲಕ್ಷಾಂತರದ ಮಾತು, ಅಂದಾಜು ನಡೆಯೋದಿಲ್ಲ," ಎಂದು ಪರೀಕ್ಷೆಗೇ ಇಳಿದರು. ಬಾವಿಯ ಪಕ್ಕ ಹಿಂದಿನ ವರ್ಷ ಹೆಸರಿಟ್ಟು ನೆಟ್ಟ ತಾಯಿಬಳ್ಳಿಗಳಿದ್ದವು. ತಾವೇ ಹೋಗಿ ನಲವತ್ತು ಎಲೆ ಕಿತ್ತು, ಹಿಂದೆ ಗುರುತು ಬರೆದು, ಟೋಪಿಯೊಳಗೆ ಕಲಸಿ ತಂದರು.

ಗುಂಡವ್ವ ಸೆರಗು ಸಿಕ್ಕಿಸಿಕೊಂಡು ಕೂತು ನಾಲ್ಕು ಗುಡ್ಡೆ ಮಾಡಿದಳು. ಒಂದೇ ಒಂದು ಎಲೆ ಕೈಯಲ್ಲಿ ಉಳಿಸಿಕೊಂಡಳು.

"ಇದು ಈ ನಾಕರೊಳಗಿಂದಲ್ರಿ ಸಾಹೇಬ್ರ."

ಗುಡ್ಡೆಗಳಲ್ಲಿ ಒಂದೂ ತಪ್ಪು ಸಿಗದ ರಾಯರು ಆ ಎಲೆ ತಿರುಗಿಸಿ ನೋಡಿ ಗೆದ್ದವರಂತೆ ಹೇಳಿದರು: "ಇಲ್ಲೇ ಸೋತಿ! ಇದು ಶಿರಾಜ್. ನಾನೇ ಕಿತ್ತಿದ್ದು, ಬುಡದ ಹತ್ತಿರ."

"ಬುಡದ ಹತ್ರ?" ಎಂದವಳೇ ಮೃದುಲಾ ಬಾವಿಯತ್ತ ಓಡಿದಳು. ಅವು ಕಸಿ ಬಳ್ಳಿಗಳು. ಕೆಳಗೆ ಗಟ್ಟಿ ಬೇರಿನ ಕಾಡುಬಳ್ಳಿ, ಮೇಲೆ ಒಳ್ಳೆಯ ತಳಿ. ಆ ಶಿರಾಜ್ ಬಳ್ಳಿಯ ಕಸಿಗಂಟಿನ ಕೆಳಗಿಂದ ಒಂದು ಕೊಂಬೆ ಮಿಣಮಿಣ ಎಲೆ ಬಿಟ್ಟುಕೊಂಡು ಎದ್ದಿತ್ತು. ರಾಯರು ಕಿತ್ತ ಎಲೆ ಆ ಕಾಡುಬಳ್ಳಿಯದೇ.

ರಾಯರು ಟೋಪಿ ತಲೆಗಿಟ್ಟುಕೊಂಡು, "ಬಾಪ್ ರೇ! ಸೋತವನು ನಾನು," ಎಂದು ಜೋರಾಗಿ ನಕ್ಕರು.

ಹನ್ನೊಂದು ದಿನ ಗುಂಡವ್ವ ಸಸಿ ವಿಂಗಡಿಸಿದಳು. ಕಸಿ ಸತ್ತು ಬರೀ ಕಾಡು ಚಿಗುರಿದ ಇನ್ನೂರು ಸಸಿಗಳನ್ನೂ ಹೊರಗೆ ತೆಗೆದಳು. ಅವು ತೋಟ ಸೇರಿದ್ದರೆ ಗೊಂಚಲು ಬಿಡುವ ತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಳೆ ಹಿಡಿಯುವ ಮುಂಚೆ ನಾಟಿ ಮುಗಿಯಿತು. ರಾಯರು ಸಸಿಮನೆಯ ಮುಕಾದಮಳಾಗಿ ಎಂಟು ಹೆಂಗಸರ ಮೇಲೆ ಅವಳನ್ನು ಇಟ್ಟಾಗ, ಕಲ್ಲಿನ ಗೋಡೆ ಮೇಲಿಂದ ಚಂದ್ರಾಮಪ್ಪ, "ಇನ್ ಮನ್ಯಾಗೂ ಇಕೀನ ಮುಕಾದಮ!" ಎಂದು ಕೂಗಿದ.

ಎರಡು ವರ್ಷಕ್ಕೆ ಫಲ ಬಂತು. ಸಾಲಿಗೊಂದೇ ತಳಿ, ಒಂದೇ ಬಣ್ಣ. ಬಟಾಣಿಯಷ್ಟು ಸಣ್ಣ ಕ್ಯಾಬರ್ನೆ ಹಣ್ಣು ಬಾಯಿಗೆ ಹಾಕಿಕೊಂಡು ಗುಂಡವ್ವ ಬೀಜ ಉಗಿದಳು. "ಸಿಪ್ಪಿ ದಪ್ಪ, ಬೀಜ ನಾಕು. ಇದನ್ನ ಯಾರರೆ ತಿಂತಾರೇನ್ರಿ?"

"ತಿನ್ನೂದಲ್ಲ ಗುಂಡವ್ವ. ಆ ಸಿಪ್ಪಿಯಿಂದನ ವೈನಿಗೆ ಬಣ್ಣ, ಒಗರು," ಎಂದಳು ಮೃದುಲಾ.

"ಹಂಗಾರ ಕುಡಿಯೋರಿಗೆ ಪುಣ್ಯ ಬರ್ಲಿ!"

ಆ ಚಳಿಗಾಲದಲ್ಲಿ ಔರಂಗಾಬಾದಿನ ರತ್ನಾಕರ ಎಂಬ ರೈತ ಅವಳನ್ನು ಕರೆಸಿಕೊಂಡ. ಯಾರೋ ವ್ಯಾಪಾರಿಯಿಂದ ಶಾರ್ಡನೆ ಎಂದು ಕೊಂಡ ಬಳ್ಳಿಗಳ ಮೇಲೆ ಅವನಿಗೆ ಅನುಮಾನ. ಮೃದುಲಾಳ ಜತೆ ಬಸ್ಸಿಳಿದ ಗುಂಡವ್ವ ಮೊದಲ ಸಾಲಿನಲ್ಲೇ ನಿಂತು ಕಿಲಕಿಲ ನಕ್ಕಳು. "ಇಕಿ ನಮ್ಮೂರಾಕಿ! ನಮ್ಮ ಕಡೆ ಒಣದ್ರಾಕ್ಷಿ ಮಾಡೋ ಬಳ್ಳಿ. ಸಣ್ಣಾಕಿದ್ದಾಗಿಂದ ಇದನ್ನ ಕಟ್ ಮಾಡೀನಿ."

ಮೃದುಲಾ ಮರಾಠಿಯಲ್ಲಿ ಹೇಳಿದಾಗ ರತ್ನಾಕರನ ಮುಖ ಇಳಿಯಿತು. ಗುಂಡವ್ವನೇ ಸಮಾಧಾನ ಹೇಳಿದಳು. ಕತ್ತರಿ ತರಿಸಿ, ಒಣದ್ರಾಕ್ಷಿಗೆ ಕೊಂಬೆ ಎಷ್ಟು ಉಳಿಸಬೇಕು, ಹಣ್ಣು ನೆರಳಲ್ಲಿ ಹೇಗೆ ಒಣಗಿಸಬೇಕು ಎಂದು ಸಂಜೆತನಕ ಮಾಡಿ ತೋರಿಸಿದಳು. ಅವನ ತಾಯಿ ಕಮಲಾಬಾಯಿ ಬಿಸಿ ಪೂರಣಪೋಳಿಗೆ ತುಪ್ಪ ಸುರಿಯುತ್ತ, ಇಂಥ ವಿದ್ಯೆ ಯಾವ ಕಾಲೇಜಿನದೆಂದು ಕೇಳಿದರು. ಬಾಯಿ ತುಂಬಿದ್ದ ಗುಂಡವ್ವ ಮತ್ತೊಂದು ಹೋಳಿಗೆಗೆ ತಟ್ಟೆ ಚಾಚಿದಳು.