ಶ್ರೀಕಂಠಯ್ಯನವರ ಒದ್ದೆ ಗೋಡೆ

ಮಧ್ಯಾಹ್ನ ಎರಡಕ್ಕೆ ಹಿಡಿದ ಮಳೆ ಐದರ ಹೊತ್ತಿಗೆ ಕಗ್ಗದಾಸಪುರದ ರಾಜಕಾಲುವೆಯನ್ನು ತುಂಬಿಸಿ, ಮಿಕ್ಕಿದ್ದನ್ನು ಅಡ್ಡರಸ್ತೆಗಳಿಗೆಲ್ಲ ಹಂಚಿತು. ಶ್ರೀಕಂಠಯ್ಯನವರ ಮನೆಗೆ ಕರೆಗಂಟೆ ಒತ್ತದೆ ನುಗ್ಗಿದ ನೀರು ನಡುಮನೆಯಲ್ಲಿ ಮೊಣಕಾಲುದ್ದ ನಿಂತಿತು. ಒಂದು ದಿನ ಇದ್ದು, ಹೋಗುವಾಗ ಕರಿ ಕೆಸರನ್ನೂ ಚರಂಡಿಯ ವಾಸನೆಯನ್ನೂ ಬಿಟ್ಟುಹೋಯಿತು.

ಶ್ರೀಕಂಠಯ್ಯ ಕಾರ್ಖಾನೆಯೊಂದರಲ್ಲಿ ತಗಡಿನ ಮಾಲಿಗೆ ಬಣ್ಣ ಹೊಡೆಯುವ ಪೇಂಟ್ ಶಾಪಿನಲ್ಲಿ ಮೂವತ್ತೆರಡು ವರ್ಷ ದುಡಿದು, ಫೋರ್ಮನ್ ಆಗಿ ನಿವೃತ್ತರಾದವರು. ಗೌರಿ ಹಬ್ಬಕ್ಕೆ ಮೊದಲು ನಡುಮನೆಗೆ ಅವರೇ ಬಣ್ಣ ಹೊಡೆಯುವುದು, ಆ ಹೊಸ ಗೋಡೆಯ ಮುಂದೆ ಹೆಂಡತಿ ಅಮ್ಮಣ್ಣಿ ಗೌರಿಯನ್ನು ಕೂರಿಸಿ, ಉದ್ದದ ಆರತಿ ಹಾಡನ್ನು ಎಲ್ಲೂ ತಡವರಿಸದೆ ಹಾಡಿ ಮುಗಿಸುವುದು, ಇಪ್ಪತ್ತಾರು ವರ್ಷದಿಂದ ತಪ್ಪಿರಲಿಲ್ಲ. ಈಗ ಹಬ್ಬಕ್ಕೆ ಉಳಿದಿದ್ದು ಹನ್ನೆರಡೇ ದಿನ. ನೀರು ಬಂದು ಐದನೇ ದಿನಕ್ಕೆ ಅವರು ಬ್ರಷ್ಷು ಹಿಡಿದರು.

ಎದುರು ಮನೆಯ ಮಹಡಿಯಿಂದ ಚಾಂದ್ ಬೀ ಕೂಗಿದಳು. “ಅರೇ ಭಾಯಿಸಾಬ್, ಗೋಡೆ ಇನ್ನೂ ಹಸಿ ಇದೆ. ಇಷ್ಟು ಜಲ್ದಿ ಕೈಕು?”

“ಎನಾಮಲ್ ಎರಡು ಕೋಟ್ ಎಳೆದ್ರೆ, ನೀರು ಬಂದಿತ್ತು ಅನ್ನೋದು ಗೋಡೆಗೇ ಮರ್ತೋಗತ್ತೆ ಚಾಂದ್ ಬೀ!”

ಗೋಡೆ ಮರೆಯಲಿಲ್ಲ. ನಾಲ್ಕೇ ದಿನಕ್ಕೆ ಬಣ್ಣ ಹಪ್ಪಳದಂತೆ ಉಬ್ಬಿತು. ದಿವಾನದ ಹಿಂದೆ ಸಾಸಿವೆ ಚೆಲ್ಲಿದ ಹಾಗೆ ಕರಿ ಚುಕ್ಕಿಗಳು ಎದ್ದವು. ಅಮ್ಮಣ್ಣಿಗೆ ಮೊದಲೇ ಉಬ್ಬಸ. ತಿಂಗಳಿಗೊಮ್ಮೆ ಎಳೆಯುತ್ತಿದ್ದ ಇನ್‌ಹೇಲರನ್ನು ಈಗ ಬೆಳಿಗ್ಗೆ ಸಂಜೆ ಎಳೆಯುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ದಿವಾನದ ಮೇಲೆ, ಗೋಡೆಗೊರಗಿ ಕೂತೇ ನಿದ್ದೆ. “ಹವಾ ಬದಲಾಗಿದೆ ಕಣೇ, ಅಷ್ಟೇ,” ಎಂದಿದ್ದರು ಶ್ರೀಕಂಠಯ್ಯ.

ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದಿದ್ದವಳ ತುಟಿ ನೀಲಿಗಟ್ಟಿತು. ಮಾತು ಬರಲಿಲ್ಲ. ಚಾಂದ್ ಬೀ ಓಡಿಬಂದು ಆಟೋ ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕಿಟ್ಟು ಔಷಧದ ಆವಿ ಕೊಟ್ಟ ಡಾಕ್ಟರು, ಉಸಿರು ಹದಕ್ಕೆ ಬಂದಮೇಲೆ ಕೇಳಿದ್ದು ಒಂದೇ ಮಾತು. “ಮನೇಲಿ ಎಲ್ಲಾದ್ರೂ ಬೂಷ್ಟು ಹಿಡಿದಿದ್ಯಾ? ಅದು ಹೋಗೋವರೆಗೂ ಇವರು ಆ ಮನೇಲಿ ಮಲಗೋದು ಬೇಡ.”

“ನಮ್ಮ ಮನೇಲಿ ಮಲಗ್ತಾಳೆ,” ಎಂದಳು ಚಾಂದ್ ಬೀ. ಆಮೇಲೆ ಶಿವಾಜಿನಗರದಲ್ಲಿದ್ದ ತಂಗಿ ಮಗಳು ರುಕ್ಸಾರ್‌ಗೆ ಫೋನ್ ಹಚ್ಚಿದಳು. ನೀರು ನುಗ್ಗಿ ಹಾಳಾದ ಮನೆಗಳನ್ನು ಒಣಗಿಸಿ ಸರಿಪಡಿಸುವುದೇ ರುಕ್ಸಾರ್‌ಳ ಕಸುಬು.

ರುಕ್ಸಾರ್ ಬಂದವಳೇ ಗೋಡೆ ನೋಡಲಿಲ್ಲ, ಕರೆಂಟಿನ ಬೋರ್ಡು ನೋಡಿದಳು. “ಕೆಳಗಿನ ಸಾಕೆಟ್ಟೆಲ್ಲ ನೀರಲ್ಲಿ ಮುಳುಗಿತ್ತಲ್ಲ ಅಂಕಲ್. ಎಲೆಕ್ಟ್ರಿಷಿಯನ್‌ಗೆ ತೋರಿಸಿದ್ರಾ?”

“ಯಾಕೆ? ಬಲ್ಬು ಉರೀತಾ ಇದೆಯಲ್ಲ.”

“ಬಲ್ಬು ಉರೀತಿದೆ ಅಂತ ನಾವೂ ಉರ್ಕೊಂಡು ಹೋಗೋದು ಬೇಡ,” ಎಂದು ಅವಳು ಮೇನ್ ಆರಿಸಿದಳು. ಮಾಸ್ಕು, ಗ್ಲೌಸು ಹಾಕಿಕೊಂಡು, ಟಿವಿ ರಿಮೋಟಿನಂತಿದ್ದ ತೇವ ಅಳೆಯುವ ಮೀಟರನ್ನು ಗೋಡೆಗೊತ್ತಿದಳು. ಅದು ಟೀಂ ಟೀಂ ಎಂದು ಬಡಿದುಕೊಂಡಿತು. ನೀರು ನಿಂತ ಗೆರೆಗಿಂತ ಎರಡಡಿ ಮೇಲೂ ಬಡಿದುಕೊಂಡಿತು.

“ಕೆಟ್ಟೋಗಿರ್ಬೇಕು ನಿಮ್ಮ ಮೀಟರು. ಮುಟ್ಟಿ ನೋಡು, ಕೈಗೆ ಒಂದು ಹನಿ ಹತ್ತುತ್ತಾ?” ಶ್ರೀಕಂಠಯ್ಯ ರೇಗಿದರು. “ನೀರು ಬಂದ್ರೆ ಗೋಣಿಚೀಲ, ಪೊರಕೆ, ಬಿಸಿಲು. ಇದಕ್ಕೆಲ್ಲ ಕಂಪನಿ ಯಾಕಮ್ಮ?”

“ಮೇಲೆ ಒಣಗಿದೆ ಅಂಕಲ್. ಒಳಗಿನ ಗಾರೆ, ಇಟ್ಟಿಗೆ ಎರಡೂ ಕುಡ್ಕೊಂಡು ಕೂತಿವೆ.” ಅವರ ಹಳೇ ಕೆಲಸ ಚಾಂದ್ ಬೀಯಿಂದ ತಿಳಿದಿದ್ದ ಅವಳು ಮೀಟರು ಕೆಳಗಿಟ್ಟು ಕೇಳಿದಳು. “ನಿಮ್ಮ ಶಾಪಲ್ಲಿ ತಗಡು ಒದ್ದೆ ಬಂದ್ರೆ ಏನ್ ಮಾಡ್ತಿದ್ರಿ?”

“ಒದ್ದೆ ತಗಡಾ? ನನ್ನ ಶಾಪಿಗಾ?” ಶ್ರೀಕಂಠಯ್ಯನವರ ಸೊಂಟ ತಾನಾಗಿ ನೆಟ್ಟಗಾಯಿತು. ಯಂತ್ರಗಳ ಗದ್ದಲ ಮೀರುವ ಹಳೇ ದನಿ ಎದ್ದುಬಂತು. “ಸೀಮೆಸುಣ್ಣದಲ್ಲಿ ಅಡ್ಡಗೀಟು ಹಾಕಿ ವಾಪಸ್! ಒಣಗದ ಮಾಲಿಗೆ ಬಣ್ಣ ಬಳಿದವನನ್ನ ಶಾಪಿಂದ ಆಚೆ ನಿಲ್ಲಿಸ್ತಿದ್ದೆ ನಾನು. ಒಳಗಿನ ನೀರು ಒಳಗೇ ಕೂತು ಎಲ್ಲಾನೂ ತಿಂದ್...”

ಅವರ ಕಣ್ಣು ಗೋಡೆಯ ಉಬ್ಬಿದ ಬಣ್ಣದ ಮೇಲೆ ಬಿತ್ತು.

ರುಕ್ಸಾರ್ ದಿವಾನವನ್ನು ಮೆಲ್ಲಗೆ ಮುಂದಕ್ಕೆಳೆದಳು. ಅಮ್ಮಣ್ಣಿ ರಾತ್ರಿಯಿಡೀ ತಲೆಯಾನಿಸುತ್ತಿದ್ದ ಕಡೆ, ಸರಿಯಾಗಿ ದಿಂಬಿನ ಎತ್ತರಕ್ಕೆ, ಗೋಡೆ ಕಪ್ಪಾಗಿತ್ತು. ಶ್ರೀಕಂಠಯ್ಯ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಹಳೇ ಉಪಕರಣದ ಪೆಟ್ಟಿಗೆಯಿಂದ ಸೀಮೆಸುಣ್ಣ ಹುಡುಕಿ ತಂದು, ತಾವೇ ಬಣ್ಣ ಬಳಿದ ಗೋಡೆಗೆ ಉದ್ದಕ್ಕೆ ಒಂದು ಅಡ್ಡಗೀಟು ಎಳೆದರು.

“ಶುರು ಮಾಡಮ್ಮ,” ಎಂದರು. ದನಿ ಸಣ್ಣಗಿತ್ತು.

ರುಕ್ಸಾರ್ ಮೊದಲು ಪ್ರತಿ ಮೂಲೆಯ ಫೋಟೋ ತೆಗೆಸಿದಳು. “ಮನೆಗೆ ವಿಮೆ ಇದ್ರೆ ಸಾಮಾನು ಎಸೆಯೋ ಮೊದಲು ಅವರಿಗೆ ತಿಳಿಸ್ಬೇಕು. ಎಸೆದ ಮೇಲೆ ಏನನ್ನ ತೋರಿಸ್ತೀರಿ?” ಹತ್ತಿಯ ಹಾಸಿಗೆ, ಉಬ್ಬಿದ ಪ್ಲೈವುಡ್ ಬೀರು ಹೊರಗೆ ಹೋದವು. ಹಾಸಿಗೆ ಒಣಗಿಸಿದರಾಗದೇ ಎಂದು ಶ್ರೀಕಂಠಯ್ಯ ಕೇಳಿದಾಗ ಅವಳು ಆಗದೆಂದು ತಲೆಯಾಡಿಸಿದಳು. “ಅದು ಕುಡಿದಿದ್ದು ಮಳೆನೀರಲ್ಲ ಅಂಕಲ್, ಚರಂಡಿ.” ನೆಲದಡಿಯ ಸಂಪನ್ನು ಖಾಲಿ ಮಾಡಿಸಿ, ಉಜ್ಜಿಸಿ, ಕ್ಲೋರಿನ್ ಹಾಕಿಸುವವರೆಗೆ ಆ ನೀರಲ್ಲಿ ಪಾತ್ರೆಯನ್ನೂ ತೊಳೆಯಬಾರದೆಂದಳು. ಅವಳ ಕಡೆಯವರು ಬೂಷ್ಟು ಹಿಡಿದ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿದರು. ಎಲೆಕ್ಟ್ರಿಷಿಯನ್ ಬಂದು ಮುಳುಗಿದ ಸಾಕೆಟ್ಟು ಬಿಚ್ಚಿ, ತಂತಿ ಪರೀಕ್ಷಿಸಿದ ಮೇಲಷ್ಟೇ ದೊಡ್ಡ ಫ್ಯಾನುಗಳೂ ಗಾಳಿಯ ತೇವ ಹಿಂಡುವ ಯಂತ್ರವೂ ತಿರುಗತೊಡಗಿದವು.

ಸಂಜೆ ಯಂತ್ರದ ಡಬ್ಬಿಯಲ್ಲಿ ನೀರು ತುಂಬಿತ್ತು.

“ಇಷ್ಟೂ ನನ್ನ ಗೋಡೇದಾ?”

“ಇದಿನ್ನೂ ಗಾಳೀದು. ಗೋಡೆ ಬಾಯಿ ಬಿಡೋಕೆ ದಿನ ಹಿಡಿಯತ್ತೆ.”

ಪ್ರತಿದಿನ ಮೀಟರಿನ ಅಂಕಿಯನ್ನು ತಾರೀಕಿನ ಸಮೇತ ಗೋಡೆ ಮೇಲೇ ಬರೆದರು. ಈಗ ಬರೆಯುತ್ತಿದ್ದವರು ಶ್ರೀಕಂಠಯ್ಯ.

“ಹಬ್ಬಕ್ಕೆ ಒಣಗತ್ತಾ ರುಕ್ಸಾರ್?”

“ಇಲ್ಲ ಅಂಕಲ್.”

“ಸುಳ್ಳಾದ್ರೂ ಹೌದು ಅನ್ನಮ್ಮ.”

“ನಾನಂದ್ರೂ ಮೀಟರು ಅನ್ನಲ್ಲ.”

ಹಬ್ಬದ ದಿನ ಗೌರಿ ಕೂತಿದ್ದು ಜಗಲಿಯಲ್ಲಿ, ತೆರೆದ ಗಾಳಿಗೆ. ಚಾಂದ್ ಬೀಯ ಕೈ ಹಿಡಿದು ಅಮ್ಮಣ್ಣಿ ಮೆಟ್ಟಿಲಿಳಿದು ಬಂದಳು. ಒಳಗೆ ಮಾತ್ರ ಕಾಲಿಡಲಿಲ್ಲ. ಬಾಗಿಲ ಸಂದಿಯಿಂದ ಗಾರೆ ಕಳಚಿದ ಇಟ್ಟಿಗೆ ಗೋಡೆ ಎಲ್ಲರಿಗೂ ಕಾಣುತ್ತಿತ್ತು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆ ಗೋವಿಂದಮ್ಮ ಬಿಡುತ್ತಾರೆಯೇ?

“ಏನ್ರೀ ಫೋರ್ಮನ್ನೋರೇ, ಈ ಸಲ ಗೌರಮ್ಮಂಗೆ ಬಣ್ಣ ಇಲ್ವಾ?”

“ಮಾಲು ರಿಜೆಕ್ಟ್ ಆಗಿದೆ ಗೋವಿಂದಮ್ಮ. ರಿಜೆಕ್ಟ್ ಮಾಡಿದ್ದು ನಾನೇ,” ಎಂದರು ಶ್ರೀಕಂಠಯ್ಯ. “ನಿಮ್ಮನೇಗೂ ನೀರು ಬಂದಿತ್ತಲ್ಲ? ಬೀರು ಸರಿಸಿ ಹಿಂದೆ ನೋಡಿದ್ರಾ?”

ಗೋವಿಂದಮ್ಮನವರ ನಗು ಅರ್ಧಕ್ಕೇ ಇಳಿಯಿತು.

ಅಮ್ಮಣ್ಣಿ ಆರತಿ ತಟ್ಟೆ ಎತ್ತಿ ಹಾಡು ಶುರುಮಾಡಿದಳು. ಶ್ರೀಕಂಠಯ್ಯ ಅವಳ ಮುಖ ನೋಡಲಿಲ್ಲ, ಉಸಿರನ್ನು ಕೇಳುತ್ತಿದ್ದರು. ಮೊದಲ ನುಡಿ ಮುಗಿಯಿತು. ಎರಡನೆಯದರ ನಡುವೆ ಅವಳು ಒಮ್ಮೆ ನಿಂತಳು. ಅವರ ಕೈ ಜೇಬಿನಲ್ಲಿದ್ದ ಇನ್‌ಹೇಲರಿಗೆ ಹೋಯಿತು. ಅಮ್ಮಣ್ಣಿ ಬೇಡವೆಂದು ಕಣ್ಣಲ್ಲೇ ಹೇಳಿ, ನಿಧಾನವಾಗಿ ಉಸಿರೆಳೆದುಕೊಂಡು, ಕೊನೆಯ ಸಾಲಿನವರೆಗೂ ಹಾಡಿದಳು.

ಓದುತ್ತಿರುವ ನೀವೂ ಈಗಲೇ ಎದ್ದು ನಿಮ್ಮ ದಿವಾನವನ್ನೋ ಬೀರುವನ್ನೋ ಒಂದು ಗೇಣು ಮುಂದಕ್ಕೆ ಎಳೆದು ನೋಡಿ. ಮನೆಗೆ ನೀರು ನುಗ್ಗಿದರೆ ಮೊದಲು ಮೇನ್ ಆರಿಸಿ. ಸ್ವಿಚ್ಚು ಇರುವಲ್ಲಿಗೆ ನೀರಲ್ಲೇ ನಡೆಯಬೇಕಾದರೆ ನೀವು ಹೋಗಬೇಡಿ, ವಿದ್ಯುತ್ ಇಲಾಖೆಯವರಿಗೆ ಫೋನ್ ಮಾಡಿ. ಫೋಟೋ ತೆಗೆದಿಡಿ. ಮಕ್ಕಳನ್ನೂ ಉಬ್ಬಸದವರನ್ನೂ ಬೇರೆ ಕಡೆ ಕಳಿಸಿ. ಬೂಷ್ಟು ಏಳಲು ಎರಡು ದಿನ ಸಾಕು, ಆದ್ದರಿಂದ ಬಲ್ಲವರನ್ನು ಅಷ್ಟರೊಳಗೆ ಕರೆಸಿ. ಬಂದವರು ಮೀಟರ್ ಇಡದೆ ಬರೀ ಬಣ್ಣದ ಮಾತಾಡಿದರೆ ನಮಸ್ಕಾರ ಹೇಳಿ ಕಳಿಸಿ. ಹಬ್ಬ ಬರಲಿ, ನೆಂಟರು ಬರಲಿ, ಒಣಗದ ಗೋಡೆಗೆ ಬ್ರಷ್ಷು ಮುಟ್ಟಿಸಬೇಡಿ. ಆ ಗೋಡೆಗೆ ಒರಗಿ ಮಲಗುವವರು ನಿಮ್ಮವರೇ.