ಬಾಗಿಲ ಬಳಿ ನಾಲ್ಕು ಸಲ

ನಾನು ಸಂಜೆ ಕಾಲೇಜಿನಲ್ಲಿ ಓದಿದವಳು. ಕಚೇರಿಯಲ್ಲಿ ಏನೇ ಎಡವಟ್ಟಾದರೂ ನನಗೆ ಮೊದಲು ನನ್ನ ಮೇಲೇ ಅನುಮಾನ ಬರುತ್ತದೆ, ಆಮೇಲೆ ಕಂಪ್ಯೂಟರ್ ಮೇಲೆ. ಆ ವಾರವೂ ಹಾಗೇ ಆಯಿತು.

ನಮ್ಮ ಕಚೇರಿಯಲ್ಲಿ ಒಂದು ತಪಾಸಣೆಯ ಟೂಲ್ ಇದೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಕಂಪೈಲರ್ ಯಂತ್ರದ ಭಾಷೆಗೆ ತಿರುಗಿಸಿದ ಮೇಲೆ ಬರೀ ಅಂಕಿಗಳ ಫೈಲು ಉಳಿಯುತ್ತದಲ್ಲ, ಅದನ್ನು ಓದಿ ಎಲ್ಲೆಲ್ಲಿ ತಪ್ಪಿದೆ ಎಂದು ಈ ಟೂಲ್ ಹೇಳುತ್ತದೆ. ಆದರೆ ಕಂಪೈಲರ್‌ಗಳಿಗೂ ಒಂದೊಂದಕ್ಕೆ ಒಂದೊಂದು ಚಾಳಿ. ಆ ಚಾಳಿಯನ್ನೇ ತಪ್ಪೆಂದು ತಿಳಿದು ಟೂಲ್ ಬೊಬ್ಬೆ ಹಾಕಿದಾಗ, ‘ಇದು ಕಂಪೈಲರ್ ಮಾಡಿದ್ದು, ಬಿಟ್ಟುಬಿಡು’ ಎಂದು ಒಂದು ನಿಯಮ ಬರೆದು ಅದರ ಬಾಯಿ ಮುಚ್ಚಿಸುವುದು ನನ್ನ ಕೆಲಸ.

ಸೋಮವಾರ ಬಂದದ್ದು ಹಳೆಯ ಲಿಫ್ಟಿನ ಪ್ರೋಗ್ರಾಮು. ಮೂಲ ಬರಹ ಕಳೆದುಹೋಗಿದೆ, ಮಾಡಿದ ಕಂಪನಿ ಮುಚ್ಚಿದೆ, ಲಿಫ್ಟುಗಳು ಮಾತ್ರ ಇನ್ನೂ ಹತ್ತಿಳಿಯುತ್ತಿವೆ. ಕಂಪನಿಯ ಹೆಸರು ನೋಡಿ ನನ್ನ ಕೈ ನಿಂತಿತು. ಅಕ್ಕ ಅಲ್ಲಿ ಎರಡು ವರ್ಷ ಕೆಲಸ ಮಾಡಿದ್ದಳು. ಫೈಲಿನ ಮೇಲಿದ್ದ ಇಸವಿಯೂ ಹೊಂದುತ್ತಿತ್ತು. ಆದರೆ ಆಗ ಅಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದವರು ಮೂರು ಜನ.

ಅಕ್ಕ ಮನೆಯಿಂದ ಹೋಗಿ ಒಂಬತ್ತು ವರ್ಷವಾಯಿತು. ಯಾರಿಗೂ ಹೇಳದೆ ಮದುವೆಯಾಗಿ ಬಂದು ನಿಂತ ದಿನ ಅಮ್ಮ, “ಇನ್ಮೇಲೆ ಈ ಮನೆಗೆ ಕಾಲಿಡಬೇಡ” ಎಂದುಬಿಟ್ಟಳು. ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳ ಇ-ಮೇಲ್ ವಿಳಾಸ ನನ್ನ ಹತ್ತಿರ ಇದೆ. ಬರೆಯಲು ಕೂತಾಗಲೆಲ್ಲ ‘ಪ್ರೀತಿಯ ಅಕ್ಕ’ ಎಂಬಲ್ಲಿಗೇ ನಿಂತುಹೋಗುತ್ತಿತ್ತು.

ಟೂಲ್ ತೋರಿಸಿದ ಮೊದಲ ತಪ್ಪು ಇದು: ‘ಬಾಗಿಲ ಸ್ವಿಚ್ಚನ್ನು ಮತ್ತೆ ಓದಲಾಗಿದೆ. ಅನವಶ್ಯಕ.’ ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿ, ಲಿಫ್ಟ್ ಹೊರಡುವ ಮುಂಚೆ ಮತ್ತೊಮ್ಮೆ ನೋಡುತ್ತದೆ. ಮನೆಗೆ ಬೀಗ ಹಾಕಿ, ಹತ್ತು ಹೆಜ್ಜೆ ನಡೆದು, ಬೀಗ ಜಗ್ಗಿ ನೋಡಲು ವಾಪಸ್ ಓಡುತ್ತಿದ್ದವಳು ಅಕ್ಕ. “ಆ ಬೀಗಕ್ಕೆ ಬಾಯಿದ್ದಿದ್ರೆ ನಿನ್ನ ಬಯ್ದಿರೋದು ಕಣೇ” ಎನ್ನುತ್ತಿದ್ದಳು ಅಮ್ಮ.

ಪಕ್ಕದ ಮೇಜಿನವರು ನಮ್ಮ ತಂಡದ ಹಿರಿಯರು. ಏನು ಕೇಳಿದರೂ ಪಾಠ ಶುರುಮಾಡುವುದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತೇವೆ. ಅವರು ನನ್ನ ಪರದೆಗೆ ಬಗ್ಗಿ ನೋಡಿ ನಕ್ಕರು.

“ಇದು ನಾನು ಫ್ರಿಡ್ಜ್ ತೆಗೆದು ನೋಡೋ ಹಾಗಿದೆಯಲ್ಲಮ್ಮ. ಎರಡನೇ ಸಲಕ್ಕೆ ಹೊಸದೇನಾದ್ರೂ ಬಂದಿರತ್ತೇನೋ ಅಂತ!”

“ಬರೆದವರೇ ಬೇಕು ಅಂತ ಹಾಕಿರಬಹುದಾ ಸರ್?”

“ಬೇರೆ ಕಡೆನೂ ಹೀಗೇ ಇದೆಯಾ ನೋಡು. ಎಲ್ಲಾ ಕಡೆ ಇದ್ರೆ ಕಂಪೈಲರ್. ಒಂದೇ ಕಡೆ ಇದ್ರೆ ಮನುಷ್ಯ.”

ನೋಡಿದೆ. ಮಹಡಿಯ ಗುಂಡಿ ಎರಡು ಸಲ, ಭಾರದ ಅಳತೆ ಎರಡು ಸಲ, ದೀಪ ಎರಡು ಸಲ. ಎಲ್ಲಾ ಕಡೆ ಇತ್ತು. ಹಳೆಯ ಕೈಪಿಡಿಯಲ್ಲಿ ಕಾರಣವೂ ಸಿಕ್ಕಿತು. ಆ ಲಿಫ್ಟುಗಳಲ್ಲಿದ್ದ ಚಿಪ್ ಮೊದಲ ಸಲ ಓದಿದಾಗ ಕೆಲವೊಮ್ಮೆ ತಪ್ಪು ಉತ್ತರ ಕೊಡುತ್ತಿತ್ತಂತೆ. ಅದಕ್ಕೆ ಕಂಪೈಲರ್ ತಾನಾಗಿಯೇ ಪ್ರತಿಯೊಂದು ಓದನ್ನೂ ಎರಡು ಮಾಡುತ್ತಿತ್ತು. ಅಕ್ಕನೂ ಇಲ್ಲ, ಗಿಕ್ಕನೂ ಇಲ್ಲ. ಒಂದು ಚಿಪ್‌ನ ಕಾಯಿಲೆಯನ್ನು ಅಕ್ಕನ ಕೈಬರಹ ಎಂದುಕೊಂಡಿದ್ದೆ. ಯಾರಿಗೂ ಹೇಳದಿದ್ದದ್ದೇ ಪುಣ್ಯ.

ಮಂಗಳವಾರ ನಿಯಮ ಬರೆದೆ: ಒಂದರ ಹಿಂದೆಯೇ ಒಂದರಂತೆ ಎರಡು ಸಲ ಓದಿದರೆ ಒಂದೆಂದು ಎಣಿಸು. ಬರೆಯುವಾಗ ಏನನ್ನೋ ಅಳಿಸುತ್ತಿದ್ದೇನೆ ಅನ್ನಿಸಿತು. ಟೂಲ್ ಓಡಿಸಿದೆ. ನಲವತ್ತು ದೂರುಗಳು ತೆಪ್ಪಗಾದವು. ಒಂದು ಮಾತ್ರ ಉಳಿಯಿತು: ‘ಬಾಗಿಲ ಸ್ವಿಚ್ಚನ್ನು ಮತ್ತೆ ಓದಲಾಗಿದೆ. ಅನವಶ್ಯಕ.’

ನನ್ನ ನಿಯಮವೇ ತಪ್ಪಿರಬೇಕೆಂದು ಮೂರು ಸಲ ತಿದ್ದಿದೆ. ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಪರದೆಯ ಮೇಲೆ ಬೆರಳಿಟ್ಟು ಎಣಿಸಿದೆ. ಎರಡು ಓದು, ಸ್ವಲ್ಪ ಕಾಯುವುದು, ಮತ್ತೆ ಎರಡು ಓದು. ಬಾಗಿಲ ಬಳಿ ಮಾತ್ರ ನಾಲ್ಕು. ಅರ್ಧ ಕಂಪೈಲರಿನದು. ಉಳಿದರ್ಧ ಬರೆದವರದು.

“ನಾಲ್ಕಾದ್ರೂ ಒಂದೇ ಅಂತ ಬರೆದು ಮುಚ್ಚಾಕಮ್ಮ,” ಎಂದರು ಮೇಷ್ಟ್ರು. “ನಾಡಿದ್ದು ವರದಿ ಕೊಡಬೇಕು.”

“ಆಗಲ್ಲ ಸರ್. ಇದು ಯಾರೋ ಬರೆದಿದ್ದು. ಯಾಕೆ ಅಂತ ಗೊತ್ತಾಗದೆ ಬೇಡ ಅನ್ನಕ್ಕಾಗಲ್ಲ, ಬೇಕು ಅನ್ನಕ್ಕೂ ಆಗಲ್ಲ.”

“ಕಂಪನಿಯೇ ಇಲ್ವಲ್ಲೇ ತಾಯಿ, ಯಾರನ್ನ ಕೇಳ್ತೀಯ?”

“ನಮ್ಮಕ್ಕ ಇದ್ಲು ಅಲ್ಲಿ.”

ಅವರು ಕುರ್ಚಿ ನನ್ನ ಕಡೆ ತಿರುಗಿಸಿದರು. “ಐದು ವರ್ಷದಿಂದ ಪಕ್ಕದಲ್ಲಿ ಕೂತಿದ್ದೀನಿ. ನಿಂಗೆ ಅಕ್ಕ ಇದ್ದಾರೆ ಅಂತ ಇವತ್ತು ಹೇಳ್ತಿದ್ದೀಯ!” ಪಾಠ ಬರುತ್ತದೆ ಎಂದುಕೊಂಡೆ. ಬರಲಿಲ್ಲ. “ಸರಿ, ಕೇಳು,” ಎಂದಷ್ಟೇ ಹೇಳಿ ತಮ್ಮ ಪರದೆಗೆ ತಿರುಗಿದರು.

ಈ ಸಲ ‘ಪ್ರೀತಿಯ’ ಎಂದು ಶುರುಮಾಡಲಿಲ್ಲ. ಲಿಫ್ಟಿನ ಮಾದರಿ, ಫೈಲಿನ ಇಸವಿ, ಬಾಗಿಲ ಬಳಿಯ ನಾಲ್ಕು ಓದು. ಆಮೇಲೆ, ‘ಇದು ನೀನು ಬರೆದದ್ದಾ?’ ಕೆಲಸದ ಪತ್ರವಲ್ಲವೇ, ಎಲ್ಲೂ ನಿಲ್ಲದೆ ಬರೆದೆ. ಕಳಿಸಿದ ಮೇಲೆ, ನಿಜವಾಗಿ ಹೋಯಿತೇ ಎಂದು ಎರಡು ಸಲ ತೆಗೆದು ನೋಡಿದೆ.

ಬುಧವಾರ ಊಟದ ಹೊತ್ತಿಗೆ ಉತ್ತರ ಬಂತು.

‘ಹೌದು, ನಾನೇ. ಬಾಗಿಲು ಬಡಿದಾಗ ಆ ಸ್ವಿಚ್ ಒಂದು ಕ್ಷಣ ಅದುರತ್ತೆ. ಮುಚ್ಚಿರದಿದ್ರೂ ಮುಚ್ಚಿದೆ ಅನ್ನತ್ತೆ. ಅದನ್ನ ನಂಬಿ ಲಿಫ್ಟ್ ಬಿಟ್ರೆ ಯಾರದಾದ್ರೂ ಕೈ ಹೋಗತ್ತೆ. ಅನವಶ್ಯಕ ಅಂತ ಬರೀಬೇಡ.’

ಅಷ್ಟೇ. ಹೇಗಿದ್ದೀಯ ಎಂದಿಲ್ಲ, ಅಮ್ಮನ ಮಾತಿಲ್ಲ, ಕೆಳಗೆ ಹೆಸರೂ ಇಲ್ಲ. ‘ನಾನೇ’ ಎಂಬುದನ್ನು ಎಷ್ಟು ಸಲ ಓದಿದೆನೋ. ‘ಬರೀಬೇಡ’ ಎಂಬುದರಲ್ಲಿ ಅವಳ ದನಿ ಕೇಳಿಸಿತು, ನನ್ನನ್ನು ಗದರುವಾಗ ಇರುತ್ತಿದ್ದ ದನಿ. ಅದನ್ನು ಕೇಳಲು ಇಷ್ಟು ವರ್ಷ ಹಸಿದಿದ್ದೆ ಎಂದು ಆಗಲೇ ಗೊತ್ತಾದದ್ದು.

ವರದಿಯಲ್ಲಿ ಆ ಸಾಲಿನ ಎದುರು ‘ಅಗತ್ಯ, ತೆಗೆಯಕೂಡದು’ ಎಂದು ಬರೆದೆ. ಕೇಳಬೇಕಾದ ಪ್ರಶ್ನೆ ಮುಗಿದಿತ್ತು. ಅವಳಿಗೆ ಮತ್ತೆ ಬರೆಯಲು ಇನ್ನೊಂದು ಅನುಮಾನ ಹುಟ್ಟಿಸಿಕೊಳ್ಳೋಣವೆಂದು ಫೈಲನ್ನು ಮೇಲಿಂದ ಕೆಳಗೆ ಹುಡುಕಿದೆ. ಒಂದೂ ಸಿಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಬರೆದಿದ್ದಳು.

ಆಮೇಲೆ ಒಂದೇ ಸಾಲು ಬರೆದೆ: ‘ಅವತ್ತು ನಾನು ಬಾಯಿ ಬಿಡಬೇಕಿತ್ತು, ಅಕ್ಕ.’ ತಿದ್ದಲು ಕೂತರೆ ಕಳಿಸುವುದಿಲ್ಲ ಎಂದು ಗೊತ್ತಿತ್ತು. ತಿದ್ದದೆ ಕಳಿಸಿದೆ.

“ವರದಿ ಆಯ್ತೇನಮ್ಮ?” ಮೇಷ್ಟ್ರು ಕರೆದರು.

“ಆಯ್ತು ಸರ್, ತರ್ತೀನಿ,” ಎಂದೆ. ಪರದೆ ಬಿಟ್ಟು ಏಳಲಾಗಲಿಲ್ಲ.