ಉಪವಾಸದ ಉಸಿರು

ಎರಡನೆಯ ಮಹಾಯುದ್ಧ ಮುಗಿದ ವರ್ಷ, ಕಾರ್ತಿಕದಲ್ಲಿ, ಹೈದರಾಬಾದಿನ ಕಾಲೇಜಿನಿಂದ ರಾಯಚೂರಿಗೆ ರೈಲಿನಲ್ಲಿ, ಅಲ್ಲಿಂದ ಮಾನ್ವಿಗೆ ಬಸ್ಸಿನಲ್ಲಿ ಬಂದು ಇಳಿದೆ. ನಡುಮನೆಯಲ್ಲಿ ಮಾಗಿದ ಹಣ್ಣಿನ ವಾಸನೆ ಇತ್ತು. ಹಣ್ಣು ಒಂದೂ ಇರಲಿಲ್ಲ. ಅದು ನನ್ನ ಅಣ್ಣನ ಹೆಂಡತಿ ಅಹಲ್ಯಾ ವೈನಿಯ ಉಸಿರು.

ಮೊದಲಿನ ಕೂಸುಗಳು ಉಳಿದಿರಲಿಲ್ಲ. ತೊಡೆಯ ಮೇಲಿನದಾದರೂ ಉಳಿಯಲೆಂದು ವೈನಿ ಭೀಷ್ಮಪಂಚಕ ಹಿಡಿದಿದ್ದಳು: ಏಕಾದಶಿಯಿಂದ ಹುಣ್ಣಿಮೆಯವರೆಗೆ ಬರೀ ನೀರು. ಆ ವಾಸನೆ ದೇವರು ಒಲಿದ ಗುರುತೆಂದು ನನ್ನ ಅವ್ವ ಸತ್ಯಭಾಮಾಬಾಯಿ ಓಣಿಗೆಲ್ಲ ಹೇಳಿದ್ದಳು. ಹೆಂಗಸರು ಬಂದು ವೈನಿಯ ಕಾಲು ಮುಟ್ಟಿ ಹೋಗುತ್ತಿದ್ದರು. ಆಕೆಗೆ ಕಣ್ಣು ತೆರೆಯುವುದೂ ಭಾರ. ಉಸಿರು ಎತ್ತೆತ್ತಿ ಬರುತ್ತಿತ್ತು. ಹಾಲು ಇಳಿಯದೆ ಕೂಸಿನ ದನಿ ಸೋತಿತ್ತು.

ಕಾಲೇಜಿನಲ್ಲಿ ನಮ್ಮ ಅಧ್ಯಾಪಕಿ ಸುಗ್ರಾ ಬೇಗಂ ಹಲಗೆಯ ಮೇಲೆ ಒಂದು ಚಕ್ರ ಬರೆದು ಉರ್ದುವಿನಲ್ಲಿ ಕಲಿಸಿದ್ದನ್ನು ಅವ್ವನಿಗೆ ಅಜ್ಜಿಯ ಕಥೆಯ ಹಾಗೆ ಹೇಳಿದೆ. ಮೈಯ ಕಣಕಣದಲ್ಲೂ ಒಂದು ಚಕ್ರ. ಅದರ ಬಾಗಿಲಲ್ಲಿ ಒಬ್ಬಾಕೆ ನಿಂತಿರುತ್ತಾಳೆ. ಉಂಡ ಅನ್ನ, ತುಪ್ಪ ಚೂರಾಗಿ ಬಂದರೆ ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತಾಳೆ. ಇಬ್ಬರೂ ಕೂಡಿ ನಿಂಬೆಯ ಹುಳಿಯಾಗಿ, ಸುತ್ತು ಬರುತ್ತ ಸ್ವಲ್ಪಸ್ವಲ್ಪ ಉರಿದು ಮೈಗೆ ಕಸುವು ಕೊಡುತ್ತಾರೆ. ಸುತ್ತು ಮುಗಿದರೆ ಆಕೆ ಮತ್ತೆ ಬಾಗಿಲಿಗೆ. ಉಪವಾಸ ಬೆಳೆದರೆ ರಕ್ತಕ್ಕೆ, ಹಾಲಿಗೆ ಸಕ್ಕರೆ ಬೇಕೆಂದು ಮೈ ಆಕೆಯನ್ನೇ ಕರಗಿಸುತ್ತದೆ. ಆಮೇಲೆ ಕೊಬ್ಬು ಕರಗಿ ಬಂದರೂ ಒಳಗೆ ಕರೆಯುವವರಿಲ್ಲ. ಹೊರಗೇ ಉಳಿದು ರಕ್ತವನ್ನು ಹುಳಿ ಮಾಡುತ್ತದೆ. ಆ ವಾಸನೆ ಅದರದು. ಒಂದಿಷ್ಟು ಬೆಲ್ಲದ ನೀರು ಹೋದರೆ ಆಕೆ ತಿರುಗಿ ಬರುತ್ತಾಳೆ.

ಅವ್ವ ಬತ್ತಿ ಹೊಸೆಯುತ್ತಲೇ ಕೇಳಿದಳು. "ನಿಮ್ಮಜ್ಜಿ ಕಥಿಯೊಳಗ ರಾಕ್ಷಸನ ಜೀವಾ ಗಿಳಿಯೊಳಗ ಇರ್ತಿತ್ತು. ನಿನ್ನ ಕಥಿಯೊಳಗ ನಿಂಬಿಹಣ್ಣಿನ್ಯಾಗ ಅದ ಏನು? ವ್ರತಾ ನಡುವ ಬಿಟ್ಟು ಕೂಸಿಗೆ ಏನರೆ ಆದ್ರ ನೀ ತಂದು ಕೊಡ್ತೀ?"

ಗೋಡೆಯ ಕಡೆ ಮುಖ ಮಾಡಿದ್ದ ವೈನಿ ಮೆಲ್ಲಗೆ ಅಂದಳು: "ಕೂಸಿನ ಸಲುವಾಗಿ ಹಿಡದಿದ್ದೆ, ಅತ್ತಿ. ಅದಕ್ಕ ಕುಡಸ್ಲಿಕ್ಕೆ ಹಾಲಿಲ್ಲ. ಸಾಕಾಗ್ಯದ ನಂಗ. ಬೆಲ್ಲ ತಾ, ಕಾವೇರಿ."

ಚಮಚ ಚಮಚವಾಗಿ ಕುಡಿಸಿದೆ. ಮರುದಿನ ಉಸಿರು ಹದಕ್ಕೆ ಬಂತು, ಕೂಸು ಚೀಪುತ್ತ ನಿದ್ದೆಹೋಯಿತು. ಅವ್ವ ಬೈಯಲಿಲ್ಲ. ವೈನಿಗೆ ಗಂಜಿ ಕಾಯಿಸಿದವಳೂ ಆಕೆಯೇ. ಆದರೆ ಊಟಕ್ಕೆ ಕರೆದರೆ ಎಲೆಯ ಮುಂದೆ ಕೂರಲಿಲ್ಲ. ಹುಣ್ಣಿಮೆಯವರೆಗೆ ಉಳಿದ ಉಪವಾಸ ತನ್ನ ಪಾಲಿನದಂತೆ.

"ಯಾರರೆ ಮುಗಸಬೇಕಲ್ಲ" ಅಂದಳು.

ಮತ್ತೆ ಮೊದಲಿನಿಂದ ಹೇಳುವಷ್ಟು ತ್ರಾಣ ನನಗಿರಲಿಲ್ಲ. ಎಲೆ ಮಡಿಸಿಟ್ಟು ಕೂಸಿನ ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ.